699 ರೂಪಾಯಿಯ ಎಲೆ-ಹೂವಿನ ಗಿಫ್ಟ್ ಕಿಟ್: ಪ್ರೆಸ್ ಒಳ್ಳೇದುಂಟು, ಆ ಕೆಂಪು ಮಣಿ ಮಾತ್ರ ತೆಗೆದಿಡಿ

ರಜೆಯಲ್ಲಿ ಮಕ್ಕಳು ಮೊಬೈಲ್ ಬಿಡ್ಲಿ ಅಂತ ಆನ್‌ಲೈನಲ್ಲಿ ತರಿಸಿದ್ದು, ವಿಷುವಿಗೆ ಅಜ್ಜಿಗೆ ಕೈಯಾರೆ ಎಂತಾದ್ರೂ ಮಾಡಿ ಕೊಡುವ ಅಂತ ಮಗಳದ್ದೇ ಐಡಿಯಾ. ಮಗಳಿಗೆ ಆರು, ಮಗನಿಗೆ ಮೂರೂವರೆ. ಕೊರಿಯರಿನವ ಪೆರ್ಲದ ಒಳಗಿನ ನಮ್ಮ ಮನೆಗೆ ಬರುದಿಲ್ಲ, ಬದಿಯಡ್ಕಕ್ಕೆ ಹೋಗಿ ತಂದೆ. ಒಳಗಿನ ಪುಸ್ತಕ ಹಿಂದಿ, ಇಂಗ್ಲಿಷಲ್ಲಿ ಮಾತ್ರ.

ಮೊದಲು ಒಳ್ಳೇದು ಹೇಳ್ತೇನೆ. ಎಲೆ ಒಣಗಿಸುವ ಪ್ರೆಸ್ ಗಟ್ಟಿಯುಂಟು, ಎರಡು ಮರದ ಹಲಗೆ, ನಾಲ್ಕು ಮೂಲೆಗೆ ಕೈಯಲ್ಲೇ ತಿರುಗಿಸುವ ನಟ್ಟು, ಮಗಳು ಒಬ್ಬಳೇ ಬಿಗಿ ಮಾಡ್ತಾಳೆ. ಆದ್ರೆ ಪುಸ್ತಕದಲ್ಲಿ ಹೇಳಿದ ಹಾಗೆ ಒಮ್ಮೆ ಇಟ್ಟು ಬಿಟ್ರೆ ನಮ್ಮ ಈ ಸೆಕೆಗೆ ಬೂಷ್ಟೇ ಗತಿ, ನಮ್ಮ ದಾಸವಾಳ ಹಾಗೇ ಹೋಯ್ತು. ಎರಡು ದಿನಕ್ಕೊಮ್ಮೆ ಪೇಪರ್ ಬದಲಿಸಿದ್ಮೇಲೆ ಜರಿಗಿಡದ ಎಲೆ ಒಂದು ವಾರದಲ್ಲಿ ಚಂದ ಒಣಗಿತು.

ಈಗ ಆ ಮಣಿ ವಿಷಯ. ಬಳೆ ಮಾಡ್ಲಿಕ್ಕೆ ಅಂತ ತೂತು ಕೊರೆದ ಕೆಂಪು ಬೀಜದ ಪ್ಯಾಕೆಟ್ ಒಂದುಂಟು, ಬೀಜಕ್ಕೆ ಒಂದು ಕಡೆ ಕಪ್ಪು ಚುಕ್ಕೆ. ನೋಡಿದ ಕೂಡ್ಲೇ ಅತ್ತೆ "ಅಯ್ಯೋ, ಇದು ಗುಲಗಂಜಿ ಅಲ್ವಾ!" ಅಂತ ಕಿತ್ಕೊಂಡ್ರು. ಅವರ ಅಪ್ಪನ ಕಾಲದಲ್ಲಿ ಚಿನ್ನ ತೂಗ್ತಿದ್ದದ್ದು ಇದರಲ್ಲೇ ಅಂತೆ. ಇದರೊಳಗೆ ವಿಷ ಇರುದು, ಸಿಪ್ಪೆ ಗಟ್ಟಿ ಇರುವವರೆಗೆ ಒಳಗಿನದ್ದು ಸುಲಭಕ್ಕೆ ಹೊರಗೆ ಬರುದಿಲ್ಲ, ಜಗಿದ್ರೆ ಅಥವಾ ಹೀಗೆ ತೂತು ಕೊರೆದ್ರೆ ಕಥೆಯೇ ಬೇರೆ. ಅದನ್ನು 'ಮೂರು ವರ್ಷದ ಮೇಲಿನವರಿಗೆ' ಅಂತ ಬರೆದ ಡಬ್ಬಿಯಲ್ಲಿ ಹಾಕಿದ್ದಾರೆ ಮಾರಾಯ್ರೇ! ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಪ್ರಾಯದ ಮಗ ಇರುವ ಮನೆಯಲ್ಲಿ. ಮಾರಿದವರಿಗೆ ಮೆಸೇಜ್ ಹಾಕಿದ್ದಕ್ಕೆ 'ನಮ್ಮದು ನೂರಕ್ಕೆ ನೂರು ನೈಸರ್ಗಿಕ' ಅಂತ ಉತ್ತರ ಬಂತು. ಹೌದು, ವಿಷವೂ ನೈಸರ್ಗಿಕವೇ. ಬಳೆಗೆ ಕೆಂಪು ಬೀಜವೇ ಬೇಕಾದ್ರೆ ಪೂರ್ತಿ ಕೆಂಪು ಇರುವ ಮಂಜಾಡಿ ಬೀಜ ಹಾಕ್ಬಹುದಿತ್ತಲ್ಲ, ಅದೂ ಸಣ್ಣವನಿಗೆ ಗಂಟಲಲ್ಲಿ ಸಿಕ್ಕೀತು ಅನ್ನಿ, ದೊಡ್ಡವರು ಹತ್ರ ಕೂತಿರ್ಬೇಕು.

ಬಣ್ಣದ ಡಬ್ಬಿ ಎರಡೇ ದಿನಕ್ಕೆ ಖಾಲಿ. ಆಮೇಲೆ ಅರಸಿನ ಕಲಸಿ ಬಳಿದು, ಅದರ ಮೇಲೆ ಅಜ್ಜಿಯ ಎಲೆತಟ್ಟೆಯ ಸುಣ್ಣವನ್ನು ನಾನೇ ಕಡ್ಡಿಯಲ್ಲಿ ಮುಟ್ಟಿಸಿದೆ (ಸುಣ್ಣ ಮಕ್ಕಳ ಕೈಗೆ ಕೊಡ್ಬೇಡಿ, ಕಣ್ಣಿಗೆ ಹೋದ್ರೆ ಕಷ್ಟ), ಹಳದಿ ಇದ್ದದ್ದು ಕೆಂಪಾದಾಗ ಮಕ್ಕಳ ಬೊಬ್ಬೆ ಪಕ್ಕದ ತೋಟಕ್ಕೆ ಕೇಳಿತು. ಇದಕ್ಕಿಂತ ಖುಷಿ ಆದದ್ದು ಕಿಟ್ಟಿನ ಕಪ್ಪು ಕಾರ್ಡಲ್ಲಿ. ಮುರಕಲ್ಲಿನ ಬರೆಯಲ್ಲಿ ಅಡಿ ಬದಿ ಬೆಳ್ಳಗಿರುವ ಒಂದು ಜರಿಗಿಡ ಇರ್ತದಲ್ಲ, ನಾವು ಸಣ್ಣಾಗಿರುವಾಗ ಕೈಗೆ ಒತ್ತಿ ಬಿಳಿ ಅಚ್ಚು ಹಾಕ್ತಿದ್ದದ್ದು, ಅದನ್ನೇ ಕಾರ್ಡಿಗೆ ಒತ್ತಿದ್ರೆ ಎಲೆಯ ಒಂದೊಂದು ಹಲ್ಲೂ ಕಾಣ್ತದೆ. ಮುಟ್ಟಿದ್ರೆ ಅಳಿಸ್ತದೆ, ಮೇಲಿಂದ ಅಗಲದ ಸೆಲ್ಲೋಟೇಪ್ ಅಂಟಿಸಿದೆವು.

ಒಣಗಿದ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗಾದ್ಮೇಲೆ ಮಡಚಿ, ಕಿಟ್ಟಿನ ಸೆಣಬಿನ ದಾರದಲ್ಲಿ ಹೊಲಿದು ಒಂದು ಪೆಟ್ಟಿಗೆ ಮಾಡಿ, ಆ ಕಾರ್ಡ್ ಅದರೊಳಗೆ ಇಟ್ಟು ವಿಷುಕಣಿ ಪಕ್ಕ ಇಟ್ಟೆವು. ಸೊಟ್ಟ ಉಂಟು, ಆದ್ರೂ ಅಜ್ಜಿ ಈಗ ಅಡಿಕೆ ಹಾಕಿಡುದು ಅದರಲ್ಲೇ.

ಐದಕ್ಕೆ ಮೂರು ಸ್ಟಾರ್. ಪ್ರೆಸ್ಸು, ಕಾರ್ಡು, ದಾರ ಮಾತ್ರ ಮುನ್ನೂರಕ್ಕೆ ಕೊಟ್ರೆ ಪುನಃ ತಗೊಳ್ತೇನೆ. ಪೈನ್ ಮರದ ಕಾಯಿ ಎರಡು ಕಳಿಸಿದ್ರು, ಅದು ಬೆಕ್ಕಿಗಾಯ್ತು.