ಪುಟಾಣಿ ಐಕಾನ್‌ಗೆ ಹಳೇ ಫೋಟೋಶಾಪಾ, ಗಿಂಪಾ?

2002ರ ಫೋಟೋಶಾಪ್ 7ರಲ್ಲೇ ಕೈ ಪಳಗಿದವರು ಶಿವಮೊಗ್ಗದ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಸಿಗುತ್ತಾರೆ. ಅಂಥವರು ಮಂಡಿ ಲೆಕ್ಕದ ಫೋಲ್ಡರ್‌ಗೆ ಅಡಿಕೆ ಗೊನೆಯ ಐಕಾನ್ ಮಾಡಬೇಕು ಅಂದ್ರೆ ಚಿತ್ರ ಬಿಡಿಸೋದೇನೂ ಕಷ್ಟ ಇಲ್ಲ. ತೊಡಕು ಇರೋದು ಸೇವ್ ಮಾಡುವಾಗ. ಅದರಲ್ಲಿ ವಿಂಡೋಸ್ ಐಕಾನ್‌ಗೆ ಬೇಕಾದ ಐಸಿಒ (.ico) ಫಾರ್ಮ್ಯಾಟೇ ಇಲ್ಲ, ಬೇರೆ ಪ್ಲಗಿನ್ ಹುಡುಕಿ ಹಾಕಬೇಕು.

ಗಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಈ ತಲೆನೋವಿಲ್ಲ, ದುಡ್ಡೂ ಕೊಡಬೇಕಿಲ್ಲ. 16, 32, 48, 256 ಪಿಕ್ಸೆಲ್‌ನ ಲೇಯರ್‌ಗಳನ್ನು (ಪದರಗಳನ್ನು) ಒಂದೇ ಫೈಲ್‌ನಲ್ಲಿ ಇಟ್ಟು, ಹೆಸರಿನ ಕೊನೆಗೆ .ico ಅಂತ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ ಒಂದೊಂದು ಲೇಯರ್ ಒಂದೊಂದು ಸೈಜ್ ಆಗುತ್ತೆ. ಮೆನುಗಳು ಮಾತ್ರ ಶುರುವಿನಲ್ಲಿ ಸ್ವಲ್ಪ ಸತಾಯಿಸುತ್ತವೆ.

ಕನ್ನಡ ಅಕ್ಷರ ಬೇಕಾದರೂ ಗಿಂಪೇ ವಾಸಿ. ಹಳೇ ಫೋಟೋಶಾಪ್‌ನಲ್ಲಿ ಯುನಿಕೋಡ್ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ, ನುಡಿ ತಂತ್ರಾಂಶದ ಹಳೇ ಫಾಂಟೇ ಗತಿ.

ಯಾವುದರಲ್ಲೇ ಮಾಡಿ, 256ರ ಚಿತ್ರವನ್ನು ಸುಮ್ನೆ 16ಕ್ಕೆ ಇಳಿಸಬೇಡಿ, ಗೊನೆ ಕಲಸಿದ ರಾಗಿಮುದ್ದೆ ಥರ ಕಾಣುತ್ತೆ. ಆ ಸೈಜನ್ನು ಪೆನ್ಸಿಲ್ ಟೂಲ್‌ನಲ್ಲಿ ಹೊಸದಾಗಿ ಬಿಡಿಸಿ: ಎರಡು ಚುಕ್ಕೆ ಅಗಲದ ಹಸಿರು ತೊಟ್ಟು, ಕೆಳಗೆ ಐದಾರು ಕಿತ್ತಳೆ ಕಾಯಿ, ಅಷ್ಟೇ. ಈ ಕೆಲಸಕ್ಕೆ ಮಾತ್ರ ನನಗೆ ಫೋಟೋಶಾಪೇ ಇಷ್ಟ, ಕೈಗೆ ಚುರುಕಾಗಿ ಸಿಗುತ್ತೆ. ಅಲ್ಲಿ ಬಿಡಿಸಿ, ಫೋಟೋಶಾಪ್‌ನ ಪಿಎಸ್‌ಡಿ ಫೈಲನ್ನು ಗಿಂಪ್‌ನಲ್ಲಿ ತೆರೆದು ಐಕಾನ್ ಮಾಡಿಕೊಳ್ಳಬಹುದು.

ವಿಂಡೋಸ್‌ನ ಹಳೇ ಪೇಂಟ್ ಬಿಟ್ಟುಬಿಡಿ, ಪಾರದರ್ಶಕತೆ ಇಲ್ಲದೆ ಗೊನೆಯ ಹಿಂದೆ ಬಿಳಿ ಚೌಕ ಉಳಿಯುತ್ತೆ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಕೂತು ಮಾಡೋರು ಕಂಟ್ರೋಲ್ ಎಸ್ ಜಾಸ್ತಿ ಒತ್ತಿ, ಕರೆಂಟ್ ನಂಬೋ ಹಾಗಿಲ್ಲ ಅಲ್ವಾ.