ಪೋರಸ್‌ನ ಆನೆ, ನಲವತ್ತು ಮಿಲಿಮೀಟರ್ ಮತ್ತು ಇಸ್ಪೀಟು

ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ ಹಳೆಯ ಕಾಳಗಗಳನ್ನು ಆಡುವ ಆಟಕ್ಕೆ ಮೂರು ನಿಯಮಾವಳಿಗಳನ್ನು ಪ್ರಯೋಗಿಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದದ್ದು ‘ಟು ದ ಸ್ಟ್ರಾಂಗೆಸ್ಟ್’. ಉಳಿದೆರಡರ ಮೇಲೆ ನನಗೆ ದ್ವೇಷವಿಲ್ಲ. ಜಯನಗರದ ಬಾಡಿಗೆ ಮನೆಯಲ್ಲಿ ಅವುಗಳ ಜೊತೆ ಸಂಸಾರ ಹೂಡಲು ಆಗಲಿಲ್ಲ, ಅಷ್ಟೆ.

ಮೂರರಲ್ಲೂ ಆಡಿದ್ದು ಕ್ರಿ.ಪೂ. 326ರ ಝೀಲಂ ತೀರದ ಕಾಳಗವನ್ನೇ. ಅಲೆಕ್ಸಾಂಡರ್ ಗೆಳೆಯನ ಪಾಲು, ಪೋರಸ್ ಮತ್ತು ಆನೆಗಳು ನನ್ನ ಪಾಲು. ಸೈನಿಕರು ಲೋಹದವರಲ್ಲ, ದಪ್ಪ ಕಾಗದಕ್ಕೆ ಮುದ್ರಿಸಿ ಕತ್ತರಿಸಿದವರು. ನನ್ನ ಸಂಬಳಕ್ಕೆ ಅದೇ ಸೈನ್ಯ.

ಮೊದಲು ಕೊಂಡದ್ದು ರಿಕ್ ಪ್ರೀಸ್ಟ್ಲಿಯವರ ‘ಹೇಲ್ ಸೀಸರ್’. ಇದರಲ್ಲಿ ಆಜ್ಞೆಯನ್ನು ಬಾಯಿಬಿಟ್ಟು ಹೇಳಿ, ಆಮೇಲೆ ದಾಳ ಎಸೆಯಬೇಕು. ‘ಆನೆಗಳೆಲ್ಲ ಮುನ್ನುಗ್ಗಲಿ’ ಎಂದು ಗರ್ಜಿಸಿದ ಮೇಲೆ ದಾಳ ಕೈಕೊಟ್ಟರೆ ಆಗುವ ಅವಮಾನ ಸೊಗಸಾಗಿಯೇ ಇರುತ್ತದೆ. ಆದರೆ ಪುಸ್ತಕದ ಚಿತ್ರಗಳಲ್ಲಿರುವ ಮೇಜು ನಮ್ಮ ಹಾಲ್‌ನಲ್ಲಿ ಹಿಡಿಸುವಂಥದ್ದಲ್ಲ. ಕೊಳ್ಳುವ ಮುನ್ನ ಹಾಲ್ ಅಳೆಯದಿದ್ದದ್ದು ನನ್ನ ತಪ್ಪು.

ಆ ಪೆಟ್ಟು ತಿಂದ ಮೇಲೆ ಬಂದದ್ದು ಫಿಲ್ ಬಾರ್ಕರ್ ಅವರ, 1990ರಲ್ಲಿ ಮೊದಲು ಅಚ್ಚಾದ ‘ಡಿಬಿಎ’ (ಡೆ ಬೆಲ್ಲಿಸ್ ಆಂಟಿಕ್ವಿಟಾಟಿಸ್). ಒಂದೊಂದು ಕಡೆಗೆ 12 ತುಕಡಿ, 60 ಸೆಂಟಿಮೀಟರ್ ಚೌಕದ ರಣರಂಗ, ಒಂದು ಗಂಟೆಯ ಆಟ. ನಮಗೆ ಹೇಳಿ ಮಾಡಿಸಿದಂತಿತ್ತು, ಮಿಲಿಮೀಟರ್ ಜಗಳ ಶುರುವಾಗುವ ತನಕ.

ಪ್ರತಿ ತುಕಡಿಯ ಮುಂದೆ ಅದರ ಅಗಲದಷ್ಟೇ ಉದ್ದದ ಒಂದು ಬೆದರಿಕೆಯ ವಲಯ ಇರುತ್ತದೆ. ನಮ್ಮ ಸಣ್ಣ ಅಳತೆಯಲ್ಲಿ ಅದು 40 ಮಿಲಿಮೀಟರ್. ಅದರೊಳಗೆ ಶತ್ರುವಿನ ಮೂಲೆ ಹೊಕ್ಕರೂ ಸಾಕು, ಅವನು ಮನಸ್ಸಿಗೆ ಬಂದಂತೆ ನಡೆಯುವಂತಿಲ್ಲ. ಗೆಳೆಯನ ಕುದುರೆಯ ಮೂಲೆ ನನ್ನ ಆನೆಯ ಮುಂದೆ 39ರಲ್ಲಿದೆಯೋ 41ರಲ್ಲಿದೆಯೋ? ಒಬ್ಬರು ಸ್ಟೀಲ್ ಸ್ಕೇಲ್ ಹಿಡಿದರೆ ಇನ್ನೊಬ್ಬರು ಮೊಬೈಲ್ ಟಾರ್ಚ್ ಹಿಡಿಯಬೇಕು. ಸ್ಕೇಲ್ ತಗುಲಿ ಕಾಗದದ ಕುದುರೆ ಸರಿದರೆ ಮತ್ತೆ ಮೊದಲಿನಿಂದ.

ಅದು ಬಗೆಹರಿದರೆ ಪಕ್ಕೆಯ ಜಗಳ. ಪಕ್ಕೆಗೆ ಶತ್ರು ತಾಗಿರುವಾಗ ಹಿಮ್ಮೆಟ್ಟಬೇಕಾಗಿ ಬಂದ ತುಕಡಿ ನಾಶವೇ ಆಗುತ್ತದೆ. ಹಾಗಾಗಿ ‘ತಾಗಿದೆ’, ‘ಕೂದಲೆಳೆ ಅಂತರವಿದೆ’ ಎಂಬ ವಾದಕ್ಕೆ ಒಂದು ಆನೆಯ ಬೆಲೆ. ನಿಯಮ ನೋಡೋಣವೆಂದರೆ ಬಾರ್ಕರ್ ಅವರ ವಾಕ್ಯಗಳಿಗೆ ವ್ಯಾಖ್ಯಾನಕಾರರು ಬೇಕು. ಗಂಟೆಯ ಆಟದಲ್ಲಿ ಅರ್ಧ ಗಂಟೆ ಸರ್ವೆ ಇಲಾಖೆಯ ಕೆಲಸ.

‘ಟು ದ ಸ್ಟ್ರಾಂಗೆಸ್ಟ್’ನಲ್ಲಿ ಅಳೆಯುವುದೇ ಇಲ್ಲ, ಎಲ್ಲವೂ ಚೌಕ. ಚದುರಂಗ ಆಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿಕ್ಕಪೇಟೆಯಲ್ಲಿ ತಂದ ಹಸಿರು ಬಟ್ಟೆಗೆ ಹತ್ತು ಸೆಂಟಿಮೀಟರಿಗೊಂದು ಚುಕ್ಕಿ ಇಟ್ಟೆ, ರಂಗೋಲಿಯ ಹಾಗೆ. ದಾಳದ ಬದಲು ಇಸ್ಪೀಟೆಲೆ: ತುಕಡಿಯನ್ನು ಮತ್ತೆ ಮತ್ತೆ ನಡೆಸಬಹುದು, ಆದರೆ ಪ್ರತಿ ಸಲ ಹಿಂದಿನದಕ್ಕಿಂತ ದೊಡ್ಡ ಎಲೆ ಬೀಳಬೇಕು. ಏಳು ಬಿದ್ದ ಮೇಲೆ ಇನ್ನೊಂದು ಎಲೆ ಎತ್ತುವ ದುರಾಸೆ ನನ್ನ ಆನೆಗಳನ್ನು ಎಷ್ಟೋ ಸಲ ನಡುದಾರಿಯಲ್ಲಿ ನಿಲ್ಲಿಸಿದೆ. ಎಲೆಗಳು ಮೈದಾನದ ತುಂಬ ಹರಡಿ ಕಸದಂತೆ ಕಾಣುತ್ತವೆ, ಒಪ್ಪುತ್ತೇನೆ.

ಮನೆಯೊಳಗೆ ಇಸ್ಪೀಟು ಬೇಡವೆನ್ನುತ್ತಿದ್ದ ಅಮ್ಮ, ಆಟಕ್ಕೆ ಬೇಡವೆಂದು ಬದಿಗಿಟ್ಟ ಚಿತ್ರದ ಎಲೆಗಳನ್ನು ನೋಡಿ ‘ರಾಜನೇ ಇಲ್ಲದ ಯುದ್ಧವೇ?’ ಎಂದು ಕೇಳಿ ಸುಮ್ಮನಾದರು.

ನಮಗೆ ಸಿಗುವುದು ಭಾನುವಾರ ತಿಂಡಿಯಿಂದ ಊಟದವರೆಗೆ ಮಾತ್ರ, ಆಮೇಲೆ ಮೇಜು ಅನ್ನ-ಸಾರಿಗೆ ಸೇರಿದ್ದು. ಯಾರು ಯಾವ ಚೌಕದಲ್ಲಿದ್ದಾರೆಂದು ಬರೆದಿಟ್ಟರೆ ಮುಂದಿನ ವಾರ ಅಲ್ಲಿಂದಲೇ ಶುರು ಮಾಡಬಹುದು. ಹೋದ ವಾರದ ಚೀಟಿ ಫ್ರಿಜ್ಜಿನ ಮೇಲಿದೆ: ಪೋರಸ್, ಮೂರನೇ ಸಾಲು, ಐದನೇ ಮನೆ.