ಉಡುಪಿ ಮಠದ ಊಟ: ಐಸಿಯು ಹೊರಗೆ ಕಾಯುತ್ತಿದ್ದವನ ರಿವ್ಯೂ

ದೇವರಿಗೆ ಸ್ಟಾರ್ ಕೊಡೋದು ಹೇಗೆ ಅಂತ ಗೊತ್ತಾಗಲಿಲ್ಲ, ಹಾಗಾಗಿ ಊಟಕ್ಕೆ ಕೊಡುತ್ತಿದ್ದೇನೆ. ಉಡುಪಿ ಕೃಷ್ಣ ಮಠದ ಮಧ್ಯಾಹ್ನದ ಊಟ, 5ಕ್ಕೆ 4½. ಅರ್ಧ ಕಡಿಮೆ ಆಗಿದ್ದು ಮಠದ ತಪ್ಪಲ್ಲ, ನಮ್ಮ ನಾಲಿಗೆಯದ್ದು. ಮುಂದೆ ಹೇಳುತ್ತೇನೆ.

ನಾವು ರಾಣೆಬೆನ್ನೂರು ಕಡೆಯವರು. ಹೋದ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಕರಾವಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅಂದರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಆ್ಯಂಬುಲೆನ್ಸ್ ಇಳಿಯುವಾಗ ಅವ್ವ ಒಂದೇ ಸಮನೆ ಹರಕೆ ಹೊರುತ್ತಿದ್ದಳು, ಯಾವ ದೇವರಿಗೆ ಏನು ಹೇಳಿದ್ದಾಳೆ ಅಂತ ಅವಳಿಗೇ ಈಗ ಲೆಕ್ಕ ಸಿಗುತ್ತಿಲ್ಲ.

ಐಸಿಯುನಲ್ಲಿ 19 ದಿನ. ಬೆಳಿಗ್ಗೆ ಒಬ್ಬರಿಗೆ ಐದು ನಿಮಿಷ, ಸಂಜೆ ಒಬ್ಬರಿಗೆ ಐದು ನಿಮಿಷ. ನಡುವೆ ಏನೂ ಇಲ್ಲ. 48 ಗಂಟೆ ಕಾದು ನೋಡೋಣ ಅಂದರು. ಅದು ಮುಗಿದ ಮೇಲೆ ಇನ್ನೊಂದು 48. ಫೋನ್ ಮಾಡಿದವರೆಲ್ಲ "ದೇವರ ಮೇಲೆ ಭಾರ ಹಾಕಿ" ಅನ್ನುತ್ತಿದ್ದರು, ನನಗೆ ಸಿಟ್ಟು ಬರುತ್ತಿತ್ತು. ಭಾರ ಹಾಕೋದು ಅಂದ್ರೆ ಏನು ಮಾಡಬೇಕು ಅಂತ ಯಾರೂ ಹೇಳೋದಿಲ್ಲ ಅಲ್ವಾ? ಕುರ್ಚಿ ಮೇಲೆ ಕೂತು ಬಾಗಿಲು ನೋಡೋದಾ?

ಅವ್ವ ಎರಡು ದಿನ ಚಹಾ ಬಿಟ್ಟು ಬೇರೆ ಏನೂ ಮುಟ್ಟಿರಲಿಲ್ಲ. ಮೂರನೇ ದಿನ ಪಕ್ಕದ ಬೆಡ್ಡಿನ ಕಡೆಯವರೊಬ್ಬರು "ಮಠಕ್ಕೆ ಹೋಗಿ ಉಂಡು ಬನ್ನಿ, ಸುಮ್ನೆ ಇಲ್ಲಿ ಕೂತು ಏನು ಮಾಡ್ತೀರಿ" ಅಂದರು. ತಮ್ಮನನ್ನು ಅಲ್ಲಿ ಕೂರಿಸಿ, ಸಿಟಿ ಬಸ್ ಹಿಡಿದು, ಕೊಡೆ ಇದ್ದೂ ನೆನೆದುಕೊಂಡು ರಥಬೀದಿಗೆ ಹೋದೆವು.

ಊಟಕ್ಕೆ ದುಡ್ಡಿಲ್ಲ, ನೀವು ಯಾರು ಏನು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ನೆಲದ ಮೇಲೆ ಸಾಲಾಗಿ ಕೂರಬೇಕು. ಮಂಡಿ ನೋವಿನವರಿಗೆ ಕಷ್ಟ, ಅದು ನಿಜ. ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ. ಬಡಿಸುವವರು ಬಕೆಟ್ ಹಿಡಿದು ಓಡುತ್ತಲೇ ಇರುತ್ತಾರೆ, ನೀವು ಅನ್ನಕ್ಕೆ ಗುಂಡಿ ಮಾಡುವಷ್ಟರಲ್ಲಿ ಸಾರಿನವರು ಬಂದು ಹೋಗಿರುತ್ತಾರೆ! ಮೊದಲ ತುತ್ತಿಗೇ ಅವ್ವ ನನ್ನ ಕಡೆ ತಿರುಗಿ, "ತಮ್ಮಾ, ಸಾರಿಗೆ ಬೆಲ್ಲ ಹಾಕ್ಯಾರಲ್ಲೋ" ಅಂದಳು. ಆ ಅರ್ಧ ಸ್ಟಾರ್ ಹೋಗಿದ್ದು ಅಲ್ಲೇ. ಬ್ಯಾಡಗಿ ಮೆಣಸಿನಕಾಯಿ ಸೀಮೆಯವರು ನಾವು, ಏನು ಮಾಡೋಣ. ಆದರೆ ಮೂರು ದಿನದಲ್ಲಿ ಅಪ್ಪನ ವಿಷಯ ಬಿಟ್ಟು ಅವಳು ಆಡಿದ ಮೊದಲ ಮಾತು ಅದು.

ಪಾಯಸ ಬಂದಾಗ ಕೈ ಅಡ್ಡ ಹಿಡಿದಳು. ಬಡಿಸುವ ಹಿರಿಯರು ಅಷ್ಟು ಗಡಿಬಿಡಿಯಲ್ಲೂ ಒಂದು ಕ್ಷಣ ನಿಂತರು. ಸೆರಗಿಗೆ ಸಿಕ್ಕಿಸಿದ್ದ ಆಸ್ಪತ್ರೆಯ ಪಾಸ್ ನೋಡಿದರೋ ಏನೋ. "ಬೇಡ ಅನ್ನಬೇಡಿ ಅಮ್ಮ, ಸ್ವಲ್ಪ ಹಾಕ್ತೇನೆ" ಅಂದರು. ಅವ್ವ ಕೈ ತೆಗೆದಳು. ಅರ್ಧ ಸೌಟು ಹಾಕಿ ಮುಂದೆ ಹೋದರು. ಆಕೆ ಅಳುತ್ತಲೇ ಅದನ್ನು ಪೂರ್ತಿ ಉಂಡಳು.

ಅಲ್ಲಿಂದ ದಿನಾ ಹೋದೆವು. ದಿನಕ್ಕೊಂದು ಗೂಟ ಸಿಕ್ಕಿದ ಹಾಗಾಯಿತು, ಕಟ್ಟಿ ಹಾಕಿಕೊಳ್ಳೋಕೆ. ನೆಮ್ಮದಿ ಸಿಕ್ಕಿತು ಅಂತೆಲ್ಲ ಹೇಳೋದಿಲ್ಲ, ಹೆದರಿಕೆ ಹಾಗೇ ಇತ್ತು, ಆದರೆ ಪಂಕ್ತಿಯಲ್ಲಿ ಕೂತಾಗ ಬಡಿಸುವವರು ನಮ್ಮ ತನಕ ಬರ್ತಾರೋ ಇಲ್ಲವೋ ಅಂತ ಯಾರೂ ಎದ್ದು ನೋಡೋದಿಲ್ಲ, ಬಂದೇ ಬರ್ತಾರೆ ಅಂತ ಕೂತಿರುತ್ತಾರೆ ಅಲ್ವಾ, ಅಷ್ಟು ಹೊತ್ತು ಹಾಗೆ ಕೂರೋದು ನಮಗೂ ಬಂತು.

ಊಟ ಆದ ಮೇಲೆ ಅವ್ವ ಕನಕನ ಕಿಂಡಿ ಮುಂದೆ ನಿಲ್ಲುತ್ತಿದ್ದಳು. ಕನಕದಾಸರು ನಮ್ಮ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದವರು, ಕಾಗಿನೆಲೆಯವರು, ಹಾಗಾಗಿ ಅವಳಿಗೆ ನಮ್ಮೂರವರೇ ಅಲ್ಲಿ ನಿಂತ ಹಾಗೆ. ಒಳಗೆ ಬಿಡಲಿಲ್ಲ, ಹೊರಗೇ ನಿಂತು ಹಾಡಿದರು, ಗೋಡೆ ಬಿರಿದು ಕೃಷ್ಣ ಪಶ್ಚಿಮಕ್ಕೆ ತಿರುಗಿದ ಅಂತ ಕಥೆ. "ಗೋಡೆ ಒಡೆಯೋ ಬದಲು ಬಾಗಿಲು ತೆಗೆಸಬಹುದಿತ್ತಲ್ಲ" ಅಂದ ನನ್ನ ತಮ್ಮ, ಅವನ ಸರದಿ ಬಂದ ದಿನ. ಅವನು ಕೇಳಿದ್ದು ಸರಿಯೇ ಇದೆ. ಅವ್ವ ಮಾತ್ರ "ಹೊರಗ ನಿಂತಾವಗೂ ಕಂಡನಲ್ಲ, ಸಾಕು" ಅಂದಳು. ಐಸಿಯು ಬಾಗಿಲಿಗೂ ಒಂದು ಚೌಕ ಗಾಜಿತ್ತು, ಅಪ್ಪನ ಕಾಲು ಮಾತ್ರ ಕಾಣುತ್ತಿತ್ತು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಇಲ್ಲಿ ಎಂಟು ಮಠಗಳು ಸರದಿ ಮೇಲೆ ಎರಡೆರಡು ವರ್ಷ ಪೂಜೆ ಮಾಡುತ್ತವೆ, ಅದೇ ಪರ್ಯಾಯ. ಮೊದಲು ಎರಡು ತಿಂಗಳಿಗೊಂದು ಸರದಿ ಇತ್ತಂತೆ, ಆ ಎಂಟರಲ್ಲಿ ಒಂದಾದ ಸೋದೆ ಮಠದ ಯತಿ ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು. ಒಂದು ಮಠದ ಸರದಿ ಮುಗಿದರೆ ಮತ್ತೆ ಬರೋಕೆ 14 ವರ್ಷ. ತಯಾರಿ ಒಂದು ವರ್ಷಕ್ಕೂ ಮೊದಲೇ ಶುರು: ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ. ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ಮುಂದೆ ಯಾವತ್ತೋ ಬರುವ ಜನಕ್ಕೆ ಎಲೆ ಬೇಕು ಅಂತ ಇವತ್ತು ಬಾಳೆ ಗಿಡ ನೆಡೋದು! ನಾಳೆ ಬೆಳಿಗ್ಗೆಯ ರಿಪೋರ್ಟ್ ಇವತ್ತೇ ಬೇಕು ಅಂತ ನರ್ಸ್ ಹತ್ತಿರ ಜಗಳ ಆಡಿ ಬಂದಿದ್ದ ದಿನವೇ ನನಗೆ ಇದು ಗೊತ್ತಾಗಿದ್ದು.

ಹೋಗುವವರಿಗೆ: ಗಂಡಸರು ದರ್ಶನಕ್ಕೆ ಅಂಗಿ ತೆಗೆಯಬೇಕು, ಮಳೆಗಾಲದಲ್ಲಿ ಒಂದು ಒಣ ಟವೆಲ್ ಇಟ್ಟುಕೊಳ್ಳಿ. ಒಳಗೆ ಒಂಬತ್ತು ತೂತಿನ ನವಗ್ರಹ ಕಿಂಡಿಯಿಂದಲೇ ನೋಡಬೇಕು, ಜಾಸ್ತಿ ಹೊತ್ತು ಸಿಗೋದಿಲ್ಲ, ತಳ್ಳಾಡಬೇಡಿ. ರಜೆ ದಿನ ರಶ್ ಇರುತ್ತದೆ.

ಅಪ್ಪ ಈಗ ಮನೆಯಲ್ಲಿದ್ದಾರೆ. ಮಾತು ಬಂದಿದೆ, ಬಲಗೈ ಇನ್ನೂ ಭುಜದ ಮಟ್ಟಕ್ಕೆ ಏಳೋದಿಲ್ಲ. ಕೈ ಎದ್ದ ಮೇಲೆ ಕರ್ಕೊಂಡು ಬಂದು ಪಂಕ್ತಿಯಲ್ಲಿ ಕೂರಿಸ್ತೀನಿ ಅಂತ ಅವ್ವ ಕಿಂಡಿ ಮುಂದೆ ಹೇಳಿ ಬಂದಿದ್ದಾಳೆ. ಉಡುಪಿಗೆ ಯಾವ ಬಸ್ ಎಷ್ಟು ಗಂಟೆಗೆ ಅಂತ ಈಗಲೇ ನನ್ನ ಹತ್ತಿರ ಕೇಳಿ ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡಿದ್ದಾಳೆ.